ಮೂರನೇ ಬ್ರೇಕು

ಶಿವಯೋಗಪ್ಪನ ಸಂಕಟಕ್ಕೆಲ್ಲ ಮೂಲ ಮೂರು ಬೆಣ್ಣೆ ದೋಸೆ.

ಬೆಳಗ್ಗೆ ಆರೂವರೆಗೆ ಅವನು ದುರ್ಗಿಗುಡಿಯ ತನ್ನ ಮನೆಯಲ್ಲಿ, ಒಲೆಯ ಎದುರು ಮಣೆ ಹಾಕಿಕೊಂಡು ಕೂತಿದ್ದ. ಹೆಂಡತಿ ಜಗದಾಂಬಾ ಕೆಂಪಗೆ ಬೆಂದ ದೋಸೆಯನ್ನು ಮೊಗಚುವ ಕೈಯ ಮೇಲೆ ಹೊತ್ತು ತಂದಳು. ತಂದವಳು ತಟ್ಟೆಗೆ ಹಾಕಲಿಲ್ಲ. ಗಂಡನ ಮೂಗಿನಿಂದ ಒಂದು ಗೇಣು ಮೇಲೆ ಅದನ್ನು ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಇಂಗ್ಲಿಷ್ ಕಾಗದ ಚಾಚಿದಳು.

"ರೀ, ಇಲ್ಲೊಂದು ಸಹಿ ಹಾಕಿ."

"ಏನೇ ಇದು?"

"ಅಣ್ಣ ಬರಲ್ಲ ಅಂದ. ಇವತ್ತು ಕಾರಲ್ಲಿ ನನ್ನ ಪಕ್ಕ ನೀವು ಕೂತ್ಕೋಬೇಕು. ಅದಕ್ಕೆ."

ಶಿವಯೋಗಪ್ಪನ ಮುಖ ಸುಣ್ಣದ ಗೋಡೆಯಾಯಿತು. "ನಾನಾ? ಕಾರಲ್ಲಾ? ಸಾಯಿಸ್ತೀಯೇನೇ ಮಾರಾಯ್ತಿ?"

ಜಗದಾಂಬಾ ದೋಸೆಯನ್ನು ಇನ್ನೊಂದು ಗೇಣು ಮೇಲಕ್ಕೆ ಎತ್ತಿದಳು. ಬೆಣ್ಣೆಯ ಒಂದು ಹನಿ ಅವನ ಮೂಗಿನ ಮೇಲೆ ಬಿತ್ತು. ಶಿವಯೋಗಪ್ಪ ಸಹಿ ಹಾಕಿದ. ಎರಡನೇ ಹಾಳೆಗೆ ಎರಡನೇ ದೋಸೆ ಬಂತು. ಮೂರನೇ ಹಾಳೆಗೆ ಬಂದ ಮೂರನೇ ದೋಸೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಕೂತಿತ್ತು. ಹೆಂಡತಿ ಕೇಳದೆಯೇ ಅಷ್ಟು ಬೆಣ್ಣೆ ಹಾಕಿದಾಗ ಗಂಡನಾದವನು ಎಚ್ಚರವಾಗಬೇಕು. ಇವನು ಬೆರಳು ನೆಕ್ಕಿದ.

ಶಿವಯೋಗಪ್ಪನಿಗೆ ಕಾರು ಅಂದರೆ ಆಗದು. ಆಗದು ಅಂದರೆ ಸಾಮಾನ್ಯ ಆಗದಿರುವುದಲ್ಲ. ಮದುವೆಯಲ್ಲಿ ಮಾವ ಕೊಟ್ಟ ಆಸ್ಟಿನ್ ಕಾರಿಗೆ ಪೂಜೆ ಮಾಡಿ, ಮೊದಲ ಸಲ ಒಳಗೆ ಕೂರಿಸಿದಾಗ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದ್ದ. ಕಾರು ಆಗ ಹಸುವಿನ ಕೊಟ್ಟಿಗೆಯಲ್ಲಿ ನಿಂತಿತ್ತು. ಇಂಜಿನ್ನೂ ಶುರು ಮಾಡಿರಲಿಲ್ಲ. ತೊಟ್ಟಿಲು ತೂಗುವುದನ್ನು ನೋಡಿದರೂ ಅವನ ಹೊಟ್ಟೆ ತೊಳಸುತ್ತಿತ್ತು. ಗಾಂಧಿ ಬಜಾರಿನ ತನ್ನ ಬಟ್ಟೆ ಅಂಗಡಿಗೆ ನಡೆದೇ ಹೋಗುತ್ತಿದ್ದ, ಭದ್ರಾವತಿಗೂ ನಡೆದೇ ಹೋಗುತ್ತಿದ್ದ. ಅಂಗಡಿಯಲ್ಲಿ ಒಂದು ಗಜ ಬಟ್ಟೆಯನ್ನು ಮೂರು ಸಲ ಅಳೆಯುತ್ತಿದ್ದ. ಮಗಳ ಮದುವೆಗೆ ಪಂಚೆ ಬೇಕು ಎಂದು ಬಂದವರು ಮೊಮ್ಮಗಳ ನಾಮಕರಣದ ಹೊತ್ತಿಗೆ ಅದನ್ನು ಒಯ್ಯುತ್ತಿದ್ದರು ಎಂಬ ಮಾತಿತ್ತು.

ಜಗದಾಂಬಾ ಅಪ್ಪನ ಲಾರಿ ಷೆಡ್ಡಿನಲ್ಲಿ ಆಡಿ ಬೆಳೆದವಳು. ಗಂಡ ಕೊಟ್ಟಿಗೆಯಲ್ಲಿ ಬಿಟ್ಟ ಕಾರನ್ನು ತಾನೇ ಹೊರಗೆ ತೆಗೆದಳು. ತೆಗೆದ ದಿನ ಕೊಟ್ಟಿಗೆಯ ಬಾಗಿಲೂ ಜೊತೆಗೇ ಹೊರಗೆ ಬಂತು. ಆಮೇಲೆ ಅವಳು ತಿರುಗಿ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣಿಕಟ್ಟಿಗೆ ಗಂಡಸರ ದೊಡ್ಡ ಗಡಿಯಾರ ಕಟ್ಟಿ ಕೂತಳೆಂದರೆ ದುರ್ಗಿಗುಡಿಯ ಕೋಳಿಗಳು ತಾವಾಗಿಯೇ ಹಂಚಿನ ಮೇಲೆ ಹತ್ತುತ್ತಿದ್ದವು. ಬೆಂಗಳೂರಿನ ರ‍್ಯಾಲಿಗೆ ಹೋದಳು. ಮದರಾಸಿನ ರ‍್ಯಾಲಿಗೆ ಹೋದಳು. ಹೋದ ವರ್ಷ ಕಾರನ್ನು ಹಡಗಿಗೆ ಹತ್ತಿಸಿಕೊಂಡು ಕೊಲಂಬೋದ ರ‍್ಯಾಲಿಗೂ ಹೋಗಿಬಂದಳು. ಮೂರಕ್ಕೂ ಪಕ್ಕದಲ್ಲಿ ದಾರಿ ಹೇಳಲು ಅವಳಣ್ಣ ಉಜ್ಜನಪ್ಪ ಕೂತಿದ್ದ. ಕೊಲಂಬೋದಿಂದ ಬಂದ ಮೇಲೆ ಅವನು ಚಕ್ರ ಇರುವ ಯಾವುದನ್ನೂ ಹತ್ತುವುದಿಲ್ಲ ಎಂದು ಆಣೆ ಮಾಡಿದ. ಬಾವಿಯ ರಾಟೆ ತಿರುಗಿದರೂ ಕಣ್ಣು ಮುಚ್ಚುತ್ತಿದ್ದ.

ಸೋಜಿಗದ ಸಂಗತಿ ಬೇರೆಯೇ ಇತ್ತು. ಮೂರು ರ‍್ಯಾಲಿಯಲ್ಲೂ ಜಗದಾಂಬಾಳೇ ಎಲ್ಲರಿಗಿಂತ ಮೊದಲು ಮುಟ್ಟಿದ್ದಳು. ಕೊಲಂಬೋದಲ್ಲಿ ಅವಳು ಮುಟ್ಟಿದಾಗ ತೀರ್ಪುಗಾರರೇ ಬಂದಿರಲಿಲ್ಲ. ಶಾಮಿಯಾನಕ್ಕೆ ಕಂಬ ನೆಡುತ್ತಿದ್ದವರಿಗೆ ಇವಳೇ ಹಗ್ಗ ಎಳೆದು ಕೊಟ್ಟಳಂತೆ. ಆದರೂ ಮೂರು ಕಪ್ಪೂ ಹಿಂದೆ ಬಂದವರಿಗೇ ಹೋದವು. "ಹೆಂಗಸು ಅಂತ ಕೊಡ್ಲಿಲ್ಲ, ಅಷ್ಟೆ" ಎಂದು ಗಾಂಧಿ ಬಜಾರ್ ತೀರ್ಮಾನಿಸಿತು. ಅವಳನ್ನೇ ಕೇಳಿದರೆ, "ನನ್ನ ಬಲಗಾಲೇ ನನಗೆ ಶತ್ರು" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಮಂಡಿನೋವು ಇರಬೇಕೆಂದುಕೊಂಡು ಶಿವಯೋಗಪ್ಪ ಹರಳೆಣ್ಣೆ ತಂದುಕೊಟ್ಟಿದ್ದ.

ಈಗ ವಿಲಾಯತಿಯ ಒಂದು ಟೈರು ಕಂಪನಿ ಆಫ್ರಿಕಾದ ದೊಡ್ಡ ರ‍್ಯಾಲಿಗೆ ಒಬ್ಬ ಹೆಂಗಸನ್ನು ಕಳಿಸಲು ಹುಡುಕುತ್ತಿತ್ತು. ಮೂರು ಸಾವಿರ ಮೈಲಿ, ಕಾಡು, ಸಿಂಹ, ಕೆಂಪು ಧೂಳು. ಅಂಥ ರಸ್ತೆಯಲ್ಲೇ ಪರೀಕ್ಷೆ ಆಗಬೇಕೆಂದು ಕಂಪನಿಯ ವಿಲ್ಕಿನ್ಸ್ ಸಾಹೇಬ ಹಿಂದೂಸ್ತಾನವನ್ನೆಲ್ಲ ಜಾಲಾಡಿದ. ಕೊನೆಗೆ ಆಯನೂರಿನಿಂದ ಶಿವಮೊಗ್ಗದ ಮೇಲೆ ಭದ್ರಾವತಿಗೆ ಹೋಗುವ ದಾರಿಯನ್ನು ಕಂಡು, ಹೊಂಡವೊಂದರ ಪಕ್ಕ ನಿಂತು ಕಣ್ಣೊರೆಸಿಕೊಂಡನಂತೆ. ಆಫ್ರಿಕಾದಲ್ಲೂ ಇಂಥ ಹೊಂಡ ಸಿಕ್ಕಿರಲಿಲ್ಲ.

ಆ ಪರೀಕ್ಷೆ ಇವತ್ತೇ. ಜಗದಾಂಬಾ ಗೆದ್ದರೆ ಆಫ್ರಿಕಾ. ಮೂರು ತಿಂಗಳು. ಶಿವಯೋಗಪ್ಪನಿಗೆ ಒಲೆ ಹಚ್ಚಲು ಬಾರದು, ಹಾಲು ಉಕ್ಕುವುದು ಯಾವಾಗ ಎಂದು ತಿಳಿಯದು, ಒಬ್ಬನೇ ಮಲಗಿದರೆ ಹಲ್ಲಿಯ ಸದ್ದಿಗೂ ಎದ್ದು ಕೂರುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಬಾಯಿಬಿಟ್ಟು ಹೇಳದಿದ್ದರೂ, ಹೆಂಡತಿ ಎದುರಿಗಿಲ್ಲದ ಮನೆ ಅವನಿಗೆ ಉಪ್ಪಿಲ್ಲದ ಸಾರು. ಅವಳನ್ನು ಸಿಂಹ ತಿಂದರೆ? ಸಿಂಹವನ್ನೇ ಅವಳು ಗುದ್ದಿ ಕೇಸಾದರೆ?

ಮೂರನೇ ದೋಸೆ ಮುಗಿಯುವುದರೊಳಗೆ ಅವನ ತಲೆಯಲ್ಲಿ ದೀಪ ಹತ್ತಿತು. ಪಕ್ಕ ಕೂರುವವನು ತಾನೇ ತಾನೆ? ತಡ ಮಾಡಿಸಿದರೆ ಆಯಿತು! ತಡ ಮಾಡುವ ವಿದ್ಯೆಯಲ್ಲಿ ಇಡೀ ಜಿಲ್ಲೆಯಲ್ಲಿ ತನಗೆ ಸಮ ಯಾರಿದ್ದಾರೆ?

ಕೈ ತೊಳೆದವನೇ ಹಿತ್ತಲ ಗೋಡೆಯ ಬಳಿ ಹೋಗಿ ಪಕ್ಕದ ಮನೆಯ ಶಂಕರಮ್ಮನನ್ನು ಕರೆದ. ಶಂಕರಮ್ಮ ಅವನಿಗೆ ದೂರದ ಚಿಕ್ಕಮ್ಮ. ಅವಳ ಬಾಗಿಲಿಗೆ ಬಂದ ಮುತ್ತೈದೆ ಅರ್ಧ ಗಂಟೆಗೆ ಮುಂಚೆ ಹೊರಟ ದಾಖಲೆ ಇರಲಿಲ್ಲ. ಬಳೆಗಾರ್ತಿ ಒಬ್ಬಳು ನೀರು ಕೇಳಲು ಬಂದವಳು ಹಬ್ಬ ಮುಗಿಸಿಕೊಂಡು ಹೋಗಿದ್ದಳು.

"ಚಿಕ್ಕಮ್ಮ, ಜಗದಾಂಬಾ ಆಫ್ರಿಕಾಕ್ಕೆ ಹೋಗೋ ಹಂಗೈತೆ."

"ಆಫ್ರಿಕಾನಾ? ಎಲ್ಲಿ ಬರುತ್ತೋ ಅದು?"

"ಸಾಗರದಾಚೆ."

"ಹಂಗಾದ್ರೆ ಜೋಗದ ಹತ್ರ ಅನ್ನು. ತಂಪು ಜಾಗ."

"ಅಯ್ಯೋ, ಸಮುದ್ರ ದಾಟಿ ಚಿಕ್ಕಮ್ಮ! ಇವತ್ತು ಒಂಬತ್ತು ಗಂಟೆ ಮೇಲೆ ಕಾರು ಈ ಬೀದೀಲೇ ಬರುತ್ತೆ. ಹೊರಟ ಹೆಣ್ಮಗಳನ್ನ ಹಂಗೇ ಬರಿಗೈಲಿ ಕಳಿಸ್ತೀರಾ?"

ಶಂಕರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮಡ್ಲು ತುಂಬದೆ ಕಳಿಸೋದಾ? ನಾನು ಬದುಕಿದೀನೋ ಸತ್ತಿದೀನೋ? ನೀನು ಕಾರು ನಿಲ್ಸು ಸಾಕು ಶಿವಯೋಗಿ. ಮುಂದಿಂದು ನಂಗೆ ಬಿಡು."

ಶಿವಯೋಗಪ್ಪ ಸೀಟಿ ಹೊಡೆಯುತ್ತ ಅಂಗಿ ಹಾಕಿಕೊಂಡ.

ಆಯನೂರಿನವರೆಗೆ ಹಿಂದಿನ ಸೀಟಿನಲ್ಲಿ ಮುಸುಕು ಹಾಕಿ ಮಲಗಿಯೇ ಬಂದ. ಅಲ್ಲಿ ಐದು ಕಾರು ಸಾಲಾಗಿ ನಿಂತಿದ್ದವು. ಉಳಿದ ನಾಲ್ಕರಲ್ಲಿ ಬೆಂಗಳೂರು, ಮದರಾಸು ಕಡೆಯ ಹೆಂಗಸರು, ಕಣ್ಣಿಗೆ ಕಪ್ಪು ಕನ್ನಡಕ, ತಲೆಗೆ ರುಮಾಲು. ವಿಲ್ಕಿನ್ಸ್ ಸಾಹೇಬ ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಹಾಗಿದ್ದ. ಅವನ ಮಾತನ್ನು ಕನ್ನಡದಲ್ಲಿ ಹೇಳಲು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಚೌಡಪ್ಪ ಟೈ ಕಟ್ಟಿಕೊಂಡು ಬಂದಿದ್ದರು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಶಿವಯೋಗಪ್ಪ ತನ್ನ ಚೀಟಿ ನೋಡಿದ. ಆಯನೂರು ಒಂಬತ್ತು ಗಂಟೆ. ಭದ್ರಾವತಿ ಹತ್ತೂ ಕಾಲು.

ಹತ್ತೂ ಕಾಲರ ಒಳಗೆ ಮುಟ್ಟಬೇಕು ಎಂದಾಯಿತು ಎಂದುಕೊಂಡ. ಹತ್ತೂ ಕಾಲು ದಾಟಿಸಿದರೆ ಆಫ್ರಿಕಾ ಇಲ್ಲ. ಚೌಡಪ್ಪ ಮೇಷ್ಟ್ರು ಏನೇನೋ ನಿಯಮ ಹೇಳುತ್ತಿದ್ದರು. ಇವನು ಕೇಳಿಸಿಕೊಳ್ಳಲಿಲ್ಲ. ಪೆಪ್ಪರಮಿಂಟು, ನಿಂಬೆಹಣ್ಣು, ಹಳೇ ಟವೆಲ್ಲು, ಮೂರೂ ಜೇಬಿನಲ್ಲಿವೆಯೇ ಎಂದು ತಡವಿ ನೋಡುತ್ತಿದ್ದ.

"ಕೂತ್ರಾ?" ಎಂದಳು ಜಗದಾಂಬಾ.

"ಕೂ..." ಎನ್ನುವುದರೊಳಗೆ ಆಯನೂರು ಹಿಂದೆ ಬಿತ್ತು.

ಮುಂದಿನ ಹದಿನಾರು ನಿಮಿಷದ ವಿಚಾರವನ್ನು ಶಿವಯೋಗಪ್ಪನಿಗೆ ಆಮೇಲೆ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಕಾರು ಹೊಂಡಕ್ಕೆ ಇಳಿಯಲಿಲ್ಲ, ಹೊಂಡದಿಂದ ಹೊಂಡಕ್ಕೆ ಕಪ್ಪೆಯ ಹಾಗೆ ಹಾರಿತು. ಎದುರಿಗೆ ಬಂದ ಹುಲ್ಲಿನ ಗಾಡಿ ಇವನ ಕಿಟಕಿಯಿಂದ ಒಂದು ಹಿಡಿ ಹುಲ್ಲು ಒಳಗೆ ಹಾಕಿ ಹೋಯಿತು. ಒಂದು ಮೈಲಿಗಲ್ಲಿನ ಮೇಲೆ ಬರೆದದ್ದನ್ನು ಓದಲು ಶುರು ಮಾಡಿದರೆ ಅಕ್ಷರ ಒಂದರದ್ದು, ಅಂಕಿ ಮುಂದಿನದರದ್ದು. ಅವನು ತಾತ ಮುತ್ತಾತರನ್ನು ನೆನೆದ. ಅವರು ಎದುರಿಗೇ ಬಂದು ನಿಂತ ಹಾಗಾಗಿ, ಈಗಲೇ ಬೇಡ ಎಂದು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ದುರ್ಗಿಗುಡಿ. ಬೀದಿಗೆ ಅಡ್ಡಲಾಗಿ ರಂಗೋಲಿ. ರಂಗೋಲಿಯ ಹಿಂದೆ ಶಂಕರಮ್ಮ, ಅವಳ ಹಿಂದೆ ಆರತಿ ತಟ್ಟೆ ಹಿಡಿದ ಹನ್ನೆರಡು ಹೆಂಗಸರು. ಪಟ್ಟಣಕ್ಕೆ ಮುತ್ತಿಗೆ ಹಾಕಿದ ದಂಡಿನ ಹಾಗೆ ನಿಂತಿದ್ದರು. ಗಡಿಯಾರ ಒಂಬತ್ತೂ ಹದಿನಾರು.

"ಇಳಿಯೇ ತಾಯಿ! ರಂಗೋಲಿ ತುಳಿದು ಹೋಗ್ತೀಯಾ? ಮುತ್ತೈದೆ ಆಗಿ?"

ಜಗದಾಂಬಾ ಸಿಡುಕುತ್ತಾಳೆ ಎಂದು ಶಿವಯೋಗಪ್ಪ ಕಾದ. ಹಾಲಿನವನು ಒಂದು ನಿಮಿಷ ತಡವಾದರೆ ಪಾತ್ರೆ ಎತ್ತಿ ಎಸೆಯುವ ಹೆಂಗಸು. ಈಗ ಗಡಿಯಾರ ನೋಡಿಕೊಂಡು, ಬಿಗಿಯಾಗಿ ನಕ್ಕು, ಇಳಿದು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

ಆರತಿಯ ಹಾಡಿಗೆ ಹದಿನಾರು ನುಡಿ. ನಾಲ್ಕನೇ ನುಡಿ ಮರೆತುಹೋಗಿ ಮತ್ತೆ ಮೊದಲಿನಿಂದ ಹಾಡಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು, ರವಿಕೆ ಕಣ, ಎಲ್ಲ ಮಡಿಲಿಗೆ ಬಿತ್ತು. ಆಫ್ರಿಕಾದಲ್ಲಿ ಸಿಗುವುದಿಲ್ಲವೆಂದು ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ ಬಂತು. ಆಮೇಲೆ ಉಪ್ಪಿಟ್ಟು. ಉಪ್ಪಿಟ್ಟಿನ ಮಧ್ಯೆ ಬೆಂಗಳೂರಿನವರ ಎರಡು ಕಾರು ಪಕ್ಕದ ಓಣಿಯಿಂದ ಸುತ್ತಿಕೊಂಡು ಮುಂದೆ ಹೋದವು. ಶಿವಯೋಗಪ್ಪನ ಎದೆ ಕುಣಿಯಿತು.

"ನೋಡೇ, ಅವ್ರು ಹೋದ್ರು!" ಎಂದ, ದುಃಖ ತೋರಿಸುವ ಮುಖ ಮಾಡಿ.

"ಹೋಗ್ಲಿ ಬಿಡಿ" ಎಂದಳು ಜಗದಾಂಬಾ. "ಚಿಕ್ಕಮ್ಮ, ಇನ್ನೊಂದು ಲೋಟ ಕಾಫಿ ಐತಾ?"

ಶಿವಯೋಗಪ್ಪ ದಂಗಾದ. ಹೊರಡುವ ಹೊತ್ತಿಗೆ ಶಂಕರಮ್ಮ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಳು. ಕಾರು ಮುಂದಕ್ಕೆ ಹೋಯಿತು. ಮೂರು ಹಣ್ಣು ಪಚಕ್ಕೆಂದವು. ನಾಲ್ಕನೆಯದು ಉರುಳಿ ಚರಂಡಿಗೆ ಬಿತ್ತು.

"ಅಪಶಕುನ!" ಎಂದು ಶಿವಯೋಗಪ್ಪನೇ ಮೊದಲು ಕೂಗಿದ. "ಹಿಂದಕ್ಕೆ ತಗಳೇ, ಹಿಂದಕ್ಕೆ! ನಿಂಬೆಹಣ್ಣು ಒಡೀದೆ ಹೋದ್ರೆ ಮನೇ ಮುರಿಯುತ್ತೆ!"

ಹೊಸ ಹಣ್ಣಿಟ್ಟರು. ಅದೂ ಉರುಳಿತು. ಮೂರನೆಯದು ಕಲ್ಲಿನಷ್ಟು ಕಾಯಿ, ಚಕ್ರವೇ ಅದರ ಮೇಲೆ ಹತ್ತಿ ಇಳಿಯಿತು. ಶಂಕರಮ್ಮ ರೇಗಿ, ನಾಲ್ಕನೇ ಸಲಕ್ಕೆ ಹಣ್ಣನ್ನು ಮೊದಲೇ ಒರಳುಕಲ್ಲಿನಿಂದ ಜಜ್ಜಿ ಇಟ್ಟಳು. ಒಂಬತ್ತೂ ನಲವತ್ತು. ಜಗದಾಂಬಾ ಹಿಂದೆ ಮುಂದೆ ಹೋಗಿಬಂದದ್ದು ಗೊಣಗದೆ, ಜೋಕಾಲಿ ಆಡಿದ ಹಾಗೆ.

ಗಾಂಧಿ ಬಜಾರಿಗೆ ಬಂದಾಗ ಶಿವಯೋಗಪ್ಪನಿಗೆ ಎರಡನೇ ಉಪಾಯ ಸಿಕ್ಕಿತು. ಅವನ ಅಂಗಡಿಯ ಮೆಟ್ಟಿಲ ಮೇಲೆ ಹೂವಮ್ಮ ಕೂತಿದ್ದಳು. ಸೋಮವಾರದಿಂದ ರವಿಕೆ ಬಟ್ಟೆಗೆ ಅಲೆಯುತ್ತಿದ್ದ ಹೆಂಗಸು.

"ನಿಲ್ಸೇ! ಬೀಗದ ಕೈ ನನ್ನ ಹತ್ರನೇ ಐತೆ. ಪಾಪ, ಗಿರಾಕಿ. ಐದು ನಿಮಿಷ!"

"ಏಳು ತಗೊಳ್ಳಿ" ಎಂದಳು ಜಗದಾಂಬಾ.

ಅವನು ಇಳಿದವನು ಅವಳ ಮುಖ ನೋಡಿದ. ಇಂಥ ಸತಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಹೊಟ್ಟೆಯೊಳಗೆ ಚುಳ್ಳೆಂದಿತು. ಆದರೆ ಅದೇ ಹೊಟ್ಟೆಗೆ ಮೂರು ತಿಂಗಳು ಅನ್ನ ಬೇಕಲ್ಲ. ಒಳಗೆ ಹೋಗಿ ಮುಕ್ಕಾಲು ಗಜ ಬಟ್ಟೆಯನ್ನು ಮೂರು ಸಲ ಅಳೆದ. ನಾಲ್ಕನೇ ಸಲ ಅಳೆಯಲು ಹೊರಟಾಗ ಹೂವಮ್ಮನೇ ಕೈ ಮುಗಿದಳು.

"ಅಣ್ಣಾ, ಸಾಕು ಬಿಡು. ನಾನೇನು ದೇವಸ್ಥಾನಕ್ಕೆ ಚಪ್ಪರ ಹಾಕ್ತಿಲ್ಲ."

ಒಂಬತ್ತೂ ಐವತ್ತು. ಆಮೇಲೆ ತುಂಗೆಯ ಸೇತುವೆ ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಕಾರು ಮತ್ತೆ ಕಪ್ಪೆಯಾಗಿತ್ತು. ಮಡಿಲಕ್ಕಿ ಸೀಟಿನಿಂದ ಚಾವಣಿಗೂ ಚಾವಣಿಯಿಂದ ಅವನ ತಲೆಗೂ ಬೀಳುತ್ತಿತ್ತು. ಮುಂದೆ ಹೋದ ಎರಡು ಕಾರನ್ನು ಜಗದಾಂಬಾ ಹೇಗೆ ಹಿಂದಿಕ್ಕಿದಳೆಂದರೆ, ಒಂದರೊಳಗಿನ ಹೆಂಗಸಿನ ಕಪ್ಪು ಕನ್ನಡಕ ಇವಳ ಗಾಳಿಗೆ ಹಾರಿತು ಎನ್ನುತ್ತಾರೆ. ಹತ್ತೂ ಐದಕ್ಕೆ ಭದ್ರಾವತಿಯ ಕಾರ್ಖಾನೆ ಹೊಗೆ ಕಂಡಿತು. ಆಚೆಗೆ ಸೇತುವೆ, ಸೇತುವೆಯ ಬಳಿ ಶಾಮಿಯಾನ, ಶಾಮಿಯಾನದಡಿ ಬೇರೆ ದಾರಿಯಿಂದ ಮೊದಲೇ ಬಂದು ಕೂತಿದ್ದ ಗೆಣಸಿನ ಬಣ್ಣದ ಸಾಹೇಬ, ಅವನ ಪಕ್ಕ ಚೌಡಪ್ಪ ಮೇಷ್ಟ್ರು.

ಹತ್ತು ನಿಮಿಷ ಮುಂಚೆ! ಶಿವಯೋಗಪ್ಪನಿಗೆ ಆಫ್ರಿಕಾದ ಸಿಂಹ ಬಾಗಿಲು ತಟ್ಟಿದಂತಾಯಿತು. ಉಳಿದದ್ದು ಒಂದೇ ಅಸ್ತ್ರ.

"ನಿಲ್ಸೇ! ವಾಂತಿ!"

ಕಾರು ನಿಂತಿತು. ಅವನು ರಸ್ತೆಯ ಬದಿಗೆ ಓಡಿ ಬಗ್ಗಿದ. ಬಾಯಿ ತೆರೆದ. ಏನೂ ಬರಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಕೈಕೊಡದಿದ್ದ ವಾಂತಿ ಅವತ್ತು ಕೈಕೊಟ್ಟಿತು. ಬೆರಳು ಹಾಕಿದ. ತೊಟ್ಟಿಲನ್ನು ನೆನೆಸಿಕೊಂಡ. ಶಂಕರಮ್ಮನ ಉಪ್ಪಿಟ್ಟನ್ನು ನೆನೆಸಿಕೊಂಡ. ಊಹೂಂ, ಹೊಟ್ಟೆ ಬಂಡೆಯ ಹಾಗೆ ಕೂತಿತ್ತು. ಬೇರೆ ದಾರಿ ಕಾಣದೆ ನೆಲದ ಮೇಲೆ ಉರುಳಿ, ಕೈಕಾಲು ಬಡಿದು, ಕಣ್ಣು ಮೇಲೆ ಮಾಡಿದ.

ಅಲ್ಲೇ ಅವನು ತಪ್ಪಿದ್ದು. ಕೈಕಾಲು ಬಡಿಯುವವನ ಕೈಗೆ ಕಬ್ಬಿಣ ಕೊಡಬೇಕು ಎಂಬುದು ಎಲ್ಲ ಊರಿನವರಿಗೂ ಗೊತ್ತು. ಬೇರೆ ಊರಾಗಿದ್ದರೆ ಒಂದು ಬೀಗದ ಕೈ ಬರುತ್ತಿತ್ತು. ಇದು ಭದ್ರಾವತಿ. ಪಾಳಿ ಮುಗಿಸಿ ಬರುತ್ತಿದ್ದ ಕಾರ್ಖಾನೆಯ ಆಳುಗಳೆಲ್ಲ ಓಡಿಬಂದರು.

"ಫಿಟ್ಸು ಕಣ್ರೋ! ಕಬ್ಬಿಣ ಕೊಡ್ರೋ!"

"ಅಯ್ಯಯ್ಯೋ ಸಾಮಿ, ಪಾವಂ! ಇಂದಾ, ಸ್ಪ್ಯಾನರ್!" ಎಂದು ಮರುಗಿ ಕೈಗೆ ತುರುಕಿದ ಸೋಡಾ ಅಂಗಡಿಯ ತಮಿಳಿನವನು.

"ಅದು ಸಾಲ್ದು ಮಾರಾಯ, ಹಾರೆ ತಗೊಂಬಾ!" ಎಂದು ಕೆಂಚಪ್ಪ ಎಂಬ ಮೇಸ್ತ್ರಿ ಅಪ್ಪಣೆ ಕೊಟ್ಟ. ಒಂದು ಕೈಗೆ ಹಾರೆ, ಇನ್ನೊಂದಕ್ಕೆ ಸುತ್ತಿಗೆ, ಎದೆಯ ಮೇಲೆ ಸರಪಳಿ. ನಾಲ್ಕು ಜನ ಸೇರಿ ಎಲ್ಲಿಂದಲೋ ರೈಲು ಕಂಬಿಯ ತುಂಡೊಂದನ್ನು ಹೊತ್ತು ತಂದು ಹೊಟ್ಟೆಯ ಮೇಲೆ ಇಳಿಸಿದರು. ಶಿವಯೋಗಪ್ಪ "ವಾಸಿ ಆಯ್ತು, ವಾಸಿ ಆಯ್ತು!" ಎಂದು ಕಿರುಚಿದ.

"ಮಾತಾಡ್ತಾನೆ! ಇನ್ನೊಂಚೂರು ಕಬ್ಬಿಣ ಇಟ್ರೆ ಎದ್ದೂ ಕೂರ್ತಾನೆ!" ಎಂದ ಕೆಂಚಪ್ಪ.

ಕಂಬಿಯ ಕೆಳಗಿಂದಲೇ ಶಿವಯೋಗಪ್ಪ ರಸ್ತೆ ನೋಡುತ್ತಿದ್ದ. ಒಂದು ಕಾರು ಹೋಯಿತು. ಎರಡನೆಯದು ಹೋಯಿತು. ಮೂರನೆಯದೂ ಹೋಯಿತು. ನಾಲ್ಕನೆಯದು ಆಯನೂರು ದಾಟದೆ ಹೊಂಡದಲ್ಲೇ ಉಳಿದಿತ್ತು. ಅವನ ಹೊಟ್ಟೆಯ ಮೇಲೆ ಒಂದು ಮಣ ಕಬ್ಬಿಣವಿತ್ತು, ಹೊಟ್ಟೆಯೊಳಗೆ ಹಾಲು ಕುಡಿದಷ್ಟು ಸಂತೋಷ.

ಜಗದಾಂಬಾ ಕಾರಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದಳು. ಗಡಿಯಾರ ನೋಡಿದಳು. ಹತ್ತೂ ಹದಿಮೂರು. ಸಿಪ್ಪೆ ಕೊಡವಿದಳು.

"ಸರೀರಿ, ಇಷ್ಟು ಸಾಕು. ಏಳಿ."

"ಇನ್ನೂ... ಸುಸ್ತು..."

ಅವಳು ಜನರನ್ನು ಸರಿಸಿ, ಕಂಬಿ ಪಕ್ಕಕ್ಕೆ ತಳ್ಳಿ, ಗಂಡನ ಕಂಕುಳಿಗೆ ಕೈಹಾಕಿ ಗೋಣಿಚೀಲದ ಹಾಗೆ ಎತ್ತಿ ಸೀಟಿಗೆ ಎಸೆದಳು. ಹಾರೆಯೂ ಜೊತೆಗೇ ಬಂತು. ಕಾರು ಸೇತುವೆಯ ಕಡೆ ಸಾವಕಾಶವಾಗಿ, ಮದುಮಗಳ ಹಾಗೆ ಹೊರಟಿತು. ಶಾಮಿಯಾನದ ಮುಂದಿನ ಸುಣ್ಣದ ಗೆರೆಯ ಮೇಲೆ ಮುಂದಿನ ಚಕ್ರ ಕೂತಾಗ ಕಾರ್ಖಾನೆಯ ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು.

ಮೂರು ಕಾರು ಅಲ್ಲಿ ಆಗಲೇ ನಿಂತಿದ್ದವು. ಶಿವಯೋಗಪ್ಪ ಹಾರೆ ಊರಿಕೊಂಡು ಇಳಿದು, ಸೋತವನು ಹೇಗೆ ಕಾಣಬೇಕೋ ಹಾಗೆ ತಲೆ ತಗ್ಗಿಸಿದ. ಒಳಗೊಳಗೇ ನಾಳೆಯ ದೋಸೆಗೆ ಚಟ್ನಿ ಯಾವುದು ಎಂದು ಯೋಚಿಸುತ್ತಿದ್ದ.

ಆಗ ವಿಲ್ಕಿನ್ಸ್ ಸಾಹೇಬ ಗಡಿಯಾರ ಹಿಡಿದುಕೊಂಡು ಬೊಬ್ಬೆ ಹೊಡೆಯುತ್ತ ಓಡಿಬಂದ. ಜಗದಾಂಬಾಳ ಕೈ ಕುಲುಕಿದ. ಆಮೇಲೆ ಶಿವಯೋಗಪ್ಪನನ್ನು ಹಾರೆಯ ಸಮೇತ ತಬ್ಬಿಕೊಂಡ.

"ಏನಂತೆ ಮೇಷ್ಟ್ರೇ? ಯಾಕೆ ತಬ್ಕೊಳ್ತಾನೆ ಈ ಮನುಷ್ಯ?"

"ಗೆದ್ರಲ್ಲ ಮಾರಾಯ್ರೇ!" ಎಂದರು ಚೌಡಪ್ಪ ಮೇಷ್ಟ್ರು. "ಹತ್ತೂ ಕಾಲು ಅಂದ್ರೆ ಹತ್ತೂ ಕಾಲು! ಒಂದು ಸೆಕೆಂಡ್ ಆಚೆ ಇಲ್ಲ, ಈಚೆ ಇಲ್ಲ."

"ಗೆದ್ದಿದ್ದು ಹೆಂಗೆ? ಅವ್ರೆಲ್ಲ ನಮಗಿಂತ ಮುಂಚೆ ಬಂದ್ರಲ್ಲ!"

"ಬೆಳಗ್ಗೆ ಆಯನೂರಲ್ಲಿ ಗಂಟಲು ಹರ್ಕೊಂಡು ಹೇಳಿದ್ನಲ್ರೀ! ಇದು ಮೊದಲು ಬರೋರ ಓಟ ಅಲ್ಲ. ಚೀಟೀಲಿ ಬರೆದ ಹೊತ್ತಿಗೆ ಸರಿಯಾಗಿ ಬರ್ಬೇಕು. ತಡ ಆದ್ರೆ ಒಂದು ನಿಮಿಷಕ್ಕೆ ಒಂದು ಅಂಕ ಕಟ್, ಮುಂಚೆ ಬಂದ್ರೆ ಎರಡು. ಅವ್ರು ಎರಡು, ಮೂರು ನಿಮಿಷ ಮುಂಚೆ ಬಂದು ಕೆಟ್ರು."

ಈ ಊರಿನಲ್ಲಿ ಬಸ್ಸು ಎರಡು ಗಂಟೆ ತಡವಾಗಿ ಬರುತ್ತಿತ್ತು, ಭಾಷಣಕ್ಕೆ ದೊಡ್ಡ ಮನುಷ್ಯರು ಮಾರನೇ ದಿನ ಬರುತ್ತಿದ್ದರು. ಮುಂಚೆ ಬಂದವರಿಗೆ ಶಿಕ್ಷೆ ಕೊಟ್ಟದ್ದನ್ನು ಹುಟ್ಟಿದ ಮೇಲೆ ಶಿವಯೋಗಪ್ಪ ಕಂಡಿರಲಿಲ್ಲ.

ಸಾಹೇಬ ಮತ್ತೆ ಉದ್ದಕ್ಕೆ ಏನೋ ಹೇಳಿದ. ಮೇಷ್ಟ್ರು ಗೌರವದಿಂದ ಕನ್ನಡಕ್ಕೆ ತಂದರು. "ಎಲ್ಲಿ ನಿಲ್ಲಿಸ್ಬೇಕು, ಎಷ್ಟು ಹೊತ್ತು ನಿಲ್ಲಿಸ್ಬೇಕು ಅಂತ ನಿಮ್ಮಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕೋ ಮನುಷ್ಯನ್ನ ಇವರು ಮೂರು ಖಂಡದಲ್ಲೂ ನೋಡಿಲ್ವಂತೆ. ನೀವಿಲ್ಲದೆ ಆಫ್ರಿಕಾ ಇಲ್ವಂತೆ."

"ನಾನಾ? ನಾನ್ಯಾಕೆ ಹೋಗ್ಲಿ? ನಾನು ಇವತ್ತೊಂದು ದಿನಕ್ಕೆ ಸಹಿ ಹಾಕಿದ್ದು!"

ಸಾಹೇಬ ಜೇಬಿನಿಂದ ಕಾಗದ ತೆಗೆದ. ಮೊದಲ ಹಾಳೆ, ಇವತ್ತಿನದು. ಎರಡನೆಯದು, ಕೈಕಾಲು ಮುರಿದರೆ ಕಂಪನಿಯನ್ನು ಕೇಳುವುದಿಲ್ಲ ಎಂದು. ಮೂರನೆಯದು ಆಫ್ರಿಕಾ. ಅದರ ಮೇಲೆ ಶಿವಯೋಗಪ್ಪನ ಸಹಿ, ಸಹಿಯ ಪಕ್ಕ ಒಂದು ಬೆರಳಿನಗಲ ಬೆಣ್ಣೆಯ ಕಲೆ.

ಅವನು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ಕೋಪ ಮಾಡ್ಕೋಬೇಡಿ" ಎಂದಳು ಜಗದಾಂಬಾ. "ಮೂರು ರ‍್ಯಾಲೀಲೂ ಮುಂಚೆ ಬಂದು ಸೋತೆ. ರಸ್ತೆ ಕಂಡ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ, ಏನು ಮಾಡ್ಲಿ? ಕಾರಲ್ಲಿ ಕಾಲಿಗೊಂದು ಬ್ರೇಕು, ಕೈಗೊಂದು ಬ್ರೇಕು ಇತ್ತು. ಎರಡೂ ಸಾಲ್ಲಿಲ್ಲ. ಮೂರನೇದು ಮನೇಲೇ ದೋಸೆ ತಿಂತಾ ಕೂತಿತ್ತು. ಇಷ್ಟು ವರ್ಷ ನಾನೇ ಕಂಡಿರ್ಲಿಲ್ಲ."

"ನಾನು ತಡ ಮಾಡಿಸ್ತೀನಿ ಅಂತ ನಿನಗೆ ಹೆಂಗೆ ಗೊತ್ತಾಯ್ತೇ?"

"ಚಿಕ್ಕಮ್ಮನೇ ಬೆಳಗ್ಗೆ ಗೋಡೆ ಮೇಲಿಂದ ಕೂಗಿ ಕೇಳಿದ್ರಲ್ಲ, ಶಿವಯೋಗಿ ಮಡ್ಲು ತುಂಬೋಕೆ ಹೇಳ್ಯಾನೆ, ಎಷ್ಟು ಹೊತ್ತಿಗೆ ಬರ್ತೀಯೇ ಅಂತ. ಒಂಬತ್ತೂ ಕಾಲಿಗೆ ರಂಗೋಲಿ ಹಾಕಿಡಿ ಅಂದೆ."

ಶಿವಮೊಗ್ಗಕ್ಕೆ ವಾಪಸು ನಡೆದೇ ಬರುತ್ತೇನೆ ಎಂದು ಶಿವಯೋಗಪ್ಪ ಹಟ ಹಿಡಿದ. ಆದರೆ ಹೊಟ್ಟೆಯ ಮೇಲೆ ರೈಲು ಕಂಬಿ ಹೊತ್ತವನ ಕಾಲು ಎಲ್ಲಿ ನಡೆದೀತು? ಕೊನೆಗೆ ಕಾರಿಗೇ ಹತ್ತಿದ. ಹತ್ತಿದ ಮೇಲೆ ತಟ್ಟನೆ ಅವನಿಗೆ ಇನ್ನೊಂದು ದೀಪ ಹತ್ತಿತು.

"ನೋಡು ಜಗದಾಂಬಾ, ಆಫ್ರಿಕಾಕ್ಕೆ ಬರ್ತೀನಿ. ಆದ್ರೆ ಅಲ್ಲಿ ಬಾಯೇ ಬಿಡಲ್ಲ. ಒಂದು ಕಡೆನೂ ನಿಲ್ಸು ಅನ್ನಲ್ಲ. ನೀನು ಮುಂಚೆ ಹೋಗಿ ಸೋತು, ಮೊದಲನೇ ದಿನವೇ ಇಬ್ರೂ ವಾಪಸು ಹಡಗು ಹತ್ತಬೇಕು. ಹಂಗೆ ಮಾಡ್ತೀನಿ!"

"ಹಂಗೇ ಮಾಡಿ" ಎಂದಳು ಜಗದಾಂಬಾ ಸಮಾಧಾನವಾಗಿ. "ಬೇಕಾದ್ರೆ ಇವತ್ತೇ ಅಭ್ಯಾಸ ಶುರು ಮಾಡೋಣ."

ಬಲಗಾಲು ಕೆಳಗೆ ಹೋಯಿತು. ಸೋಡಾ ಅಂಗಡಿ, ಕಾರ್ಖಾನೆ, ಹೊಗೆ, ಕೆಂಚಪ್ಪ, ಎಲ್ಲ ಒಂದೇ ಗೆರೆಯಾಗಿ ಹಿಂದೆ ಹರಿಯಿತು. ಶಿವಯೋಗಪ್ಪ ಹಲ್ಲು ಕಚ್ಚಿದ. ಟವೆಲ್ಲು ಕಚ್ಚಿದ. ಹಾರೆಯನ್ನು ತಬ್ಬಿಕೊಂಡ. ಒಂದು ಮೈಲಿಗಲ್ಲು ದಾಟಿರಬಹುದು.

"ನಿಲ್ಸೇ! ನಿನ್ನ ದಮ್ಮಯ್ಯ, ನಿಲ್ಸೇ ಮಾರಾಯ್ತಿ!"

ಜಗದಾಂಬಾ ನಿಲ್ಲಿಸಿದಳು. ಗಡಿಯಾರ ನೋಡಿ, ಸೀಸದ ಕಡ್ಡಿ ತೆಗೆದು, ಸಾಹೇಬ 'ಆಫ್ರಿಕಾ' ಎಂದು ಬರೆದುಕೊಟ್ಟ ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಂಡಳು: ಮೈಲಿಗೆ ಒಂದು ಸಲ.

ಬೆಳಗಿನಿಂದ ಕೈಕೊಟ್ಟಿದ್ದ ವಾಂತಿ, ಮೂರು ದೋಸೆಯ ಸಮೇತ, ಆಗ ಬಂತು.